ಬಂದೂಕಿಲ್ಲದೆ ಯುದ್ಧದ ನಾಟಕ ಆಡಿಸಿದ್ದು

ಹಾವೇರಿ ಸೀಮೆಯಲ್ಲಿ ಜಾತ್ರೆ ನಾಟಕ ಕಲಿಸುವವರಿಗೆ ಇದು ಉಪಯೋಗಕ್ಕೆ ಬರಬಹುದು. "ಫೈಟಿಂಗ್ ಇಲ್ಲಂದ್ರ ಮಂದಿ ಎದ್ದು ಹೋಗ್ತಾರ್ರಿ ಮಾಸ್ತರ" ಅಂತ ತಾಲೀಮಿನ ಉದ್ದಕ್ಕೂ ಕಮಿಟಿಯವರು ಹೆದರಿಸಿದ್ದರು. ಬೆಳಗಿನ ಜಾವದವರೆಗೆ ಯಾರೂ ಏಳಲಿಲ್ಲ.

ಕಥೆ 1943ರದು. ಒಂದು ಕಡೆ ಮಹಾಯುದ್ಧ, ಇನ್ನೊಂದು ಕಡೆ ಚಲೇಜಾವ್ ಚಳವಳಿ. ಅಣ್ಣ ಊರ ಪಾಟೀಲ, ಸರ್ಕಾರಕ್ಕೆ ಜೋಳದ ಲೆವಿ, ಅಂದರೆ ರೈತರು ಕಡ್ಡಾಯವಾಗಿ ಕೊಡಬೇಕಾದ ಪಾಲು, ಎತ್ತಿ ಕೊಡಬೇಕು. ತಮ್ಮ ಚಳವಳಿಗೆ ಸೇರಿ ತಲೆಮರೆಸಿಕೊಂಡಿದ್ದಾನೆ. ಅತ್ತಿಗೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ನಾಲ್ಕು ಚೀಲ ಬಚ್ಚಿಟ್ಟಿದ್ದಾಳೆ.

ಮೊದಲು ಬೇರೆ ಊರಲ್ಲಿ ಇದನ್ನೇ ಹೊಸರಿತ್ತಿ ಊರಿನ ಗೋಲಿಬಾರ್ ದೃಶ್ಯ ಸಮೇತ ಆಡಿಸಿದ್ದೆವು. 1943ರ ಏಪ್ರಿಲ್ 1ರಂದು ಅಲ್ಲಿ ಸ್ವಾತಂತ್ರ್ಯ ಹೋರಾಟಗಾರರಾದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಲಿಯಾದರು. ನಮ್ಮ ಪಟಾಕಿ ಸದ್ದಿಗೆ ಹುಡುಗರು ಸೀಟಿ ಹೊಡೆದರು. ಮಹಾದೇವಪ್ಪ ಸಾಯುವಾಗ ಸೀಟಿ! ಪೊಲೀಸ್ ಡ್ರೆಸ್ ಬಾಡಿಗೆ, ಸೀನರಿ ಎಲ್ಲ ಸೇರಿ ಸುಮಾರು 15 ಸಾವಿರ ಮಣ್ಣುಪಾಲು. ಸೀನರಿಯವರು ಕಳಿಸಿದ್ದು ಅರಮನೆ ಪರದೆ, ಅದು ಬೇರೆ ಮಾತು.

ಈ ಸಲ ಹೊಸರಿತ್ತಿ ಸ್ಟೇಜಿಗೆ ಬರಲೇ ಇಲ್ಲ. ಊರ ಸೇವಕ ವಾಲೀಕಾರ ಬಂದು ಸುದ್ದಿ ಹೇಳುತ್ತಾನೆ. ಉಣ್ಣುತ್ತಿದ್ದ ಅಣ್ಣ ತಲೆ ಎತ್ತುವುದಿಲ್ಲ. ಸತ್ತವರು ಯಾರು ಅಂತ ಕೇಳಲು ಅವನಿಗೆ ಧೈರ್ಯವಿಲ್ಲ. ಅತ್ತಿಗೆಯೇ ಕೇಳುತ್ತಾಳೆ.

ಅವಳು ಪ್ರತಿ ದೃಶ್ಯದಲ್ಲೂ ನಿಜವಾಗಿ ರೊಟ್ಟಿ ಬಡಿಯುತ್ತಾಳೆ. ಮೊದಲು ಬುಟ್ಟಿ ತುಂಬ, ಬರಬರುತ್ತ ಕಡಿಮೆ, ಕೊನೆಗೆ ಒಂದೇ. ರಾತ್ರಿ ಹಿತ್ತಲ ಬಾಗಿಲಿಗೆ ಬಂದ ಮೈದುನನಿಗೆ ಕೊಡಬೇಕೋ, ಹಸಿದ ಮಗುವಿಗೋ? ಮುಂದೆ ಕೂತಿದ್ದ ಒಬ್ಬ ಅಜ್ಜಿ "ಕೊಡ ಬೇ, ಹಸದ ಬಂದಾನ" ಅಂತ ಕೂಗಿಯೇಬಿಟ್ಟಳು. ಪಾತ್ರಕ್ಕೆ ಹುಬ್ಬಳ್ಳಿಯಿಂದ ಕಲಾವಿದೆಯನ್ನು ಕರೆಸಿದ್ದೆವು, 6 ಸಾವಿರದ ಮೇಲೆ ಬಿತ್ತು. ರೊಟ್ಟಿ ಬಡಿಯಲು ಬರುವವರೇ ಬೇಕು ಅಂತ ನಾನು ಹಟ ಹಿಡಿದಿದ್ದೆ. ಮಾತು ಕಲಿಸಬಹುದು, ಹಿಟ್ಟು ನಾದುವ ಕೈ ಕಲಿಸಲಾಗದು.

ಸುಮ್ನೆ ಒಂದು ಪ್ರಯೋಗ ಅಂತ ಬರೀ ಕಂದೀಲಿನಲ್ಲಿ ಆಡಿಸಿ ನೋಡಿದೆ. ಯುದ್ಧದ ಕಾಲದಲ್ಲಿ ಸೀಮೆಎಣ್ಣೆಗೂ ತತ್ವಾರ ಅಲ್ವಾ. ಆದರೆ ಹಿಂದಿನವರಿಗೆ ಮುಖ ಕಾಣಲಿಲ್ಲ. ಕೊನೆಗೆ ಕಂದೀಲಿನೊಳಗೇ ಸಣ್ಣ ಹಳದಿ ಬಲ್ಬು ಕೂರಿಸಿದೆ. ಹಗೇವಿನ ಕಲ್ಲು ಸರಿಯುವ ಸದ್ದು ಹೇಗೆ ಮಾಡಿದಿರಿ ಅಂತ ತುಂಬ ಜನ ಕೇಳಿದರು. ಅದು ನನ್ನ ಹತ್ತಿರವೇ ಇರಲಿ.

ಜಾಸ್ತಿ ಜಗಳವಾದದ್ದು ಆಯೇರಿಗೆ, ಅಂದರೆ ಮಂದಿ ಕೊಡುವ ಕಾಣಿಕೆಯನ್ನು ಮೈಕಿನಲ್ಲಿ ಕೂಗುವುದಕ್ಕೆ. ಅಣ್ಣ ತಮ್ಮ ಎದುರುಬದುರು ನಿಂತಾಗ ಮೈಕಿನಲ್ಲಿ "ನೂರಾ ಒಂದು ರೂಪಾಯಿ" ಅಂದರೆ ಮುಗೀತು. ದೃಶ್ಯ ಮುಗಿದು ಪರದೆ ಬಿದ್ದ ಮೇಲಷ್ಟೇ ಕೂಗಿಸಿದೆ. ಆದರೂ 40 ಸಾವಿರದಷ್ಟು ಬಂತು, ಮೇಲೊಂದು ಚೀಲ ಜೋಳ. ಒಟ್ಟು ಖರ್ಚು 70 ಸಾವಿರದ ಆಸುಪಾಸು, ಉಳಿದದ್ದು ಊರವರ ಚಂದಾ ಪಟ್ಟಿಯಿಂದ. ನನ್ನ ಸಂಬಳದಲ್ಲಿ 3 ಸಾವಿರ ಇನ್ನೂ ಬಾಕಿ.