ಮಳೆ ಲೆಕ್ಕದ ಪೈಗೆ ಬ್ಯುಸಿಬಾಕ್ಸ್: ನಾನು ಲಿಂಕ್ ಹಾಕಿದ ಬಗೆ

ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದಲ್ಲಿ ಮಳೆಯ ಇಂಚು-ಸೆಂಟುಗಳ ಲೆಕ್ಕವನ್ನು ಈಗ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಬರೆದಿಡುತ್ತದೆ. ಕಕ್ಕಡದ ಮಳೆಯಲ್ಲಿ ಕರೆಂಟ್ ಹಠಾತ್ತನೆ ಹೋದಾಗ ಎಸ್‌ಡಿ ಕಾರ್ಡಿನ ಫೈಲ್ ಸಿಸ್ಟಮ್ ಕೆಡುವುದುಂಟು. ಬಹುತೇಕ ಪ್ರೋಗ್ರಾಂಗಳು ಹಂಚಿಕೊಳ್ಳುವ ಸಿ ಲೈಬ್ರರಿಗೇ ಪೆಟ್ಟಾದರೆ ಅದನ್ನು ನೆಚ್ಚಿರುವ ಎಲ್‌ಎಸ್, ಸಿಪಿ, ಮೌಂಟ್ ಮುಂತಾದ ಲಿನಕ್ಸ್ ಆಜ್ಞೆಗಳು ಯಾವುವೂ ಓಡುವುದಿಲ್ಲ. ಹಾಗಾಗಿ ಕಾರ್ಡಿನಲ್ಲಿ ಮೂರನೆಯ ಪಾರ್ಟಿಷನ್ (ಪ್ರತ್ಯೇಕ ಭಾಗ) ಮಾಡಿ, ಬೇರಾವ ಲೈಬ್ರರಿಯನ್ನೂ ಬೇಡದಂತೆ ಸ್ಟ್ಯಾಟಿಕ್ ಆಗಿ ಕಂಪೈಲ್ ಮಾಡಿದ ಬ್ಯುಸಿಬಾಕ್ಸನ್ನು (ಹಲವು ಲಿನಕ್ಸ್ ಆಜ್ಞೆಗಳನ್ನು ಒಂದೇ ಫೈಲಿನಲ್ಲಿ ಹೊಂದಿದ ತಂತ್ರಾಂಶ) ಅದರಲ್ಲಿ ಇರಿಸಿದೆ.

ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಬೂಟ್ ವ್ಯವಸ್ಥೆಯನ್ನು ಒಂದು ಫ್ಲಾಪಿಯಲ್ಲಿ ಹಿಡಿಸಲು ಬ್ರೂಸ್ ಪೆರೆನ್ಸ್ 1995ರಲ್ಲಿ ಆರಂಭಿಸಿದ ಈ ತಂತ್ರಾಂಶವು ತನ್ನನ್ನು ಯಾವ ಹೆಸರಿನಿಂದ ಕರೆಯಲಾಗಿದೆ ಎಂಬುದನ್ನು ನೋಡಿ ಆ ಕೆಲಸ ಮಾಡುತ್ತದೆ. ಎಲ್‌ಎಸ್ ಎಂಬ ಲಿಂಕಿನಿಂದ ಕರೆದರೆ ಪಟ್ಟಿ ತೋರಿಸುತ್ತದೆ, ಎಸ್‌ಎಚ್ ಎಂದು ಕರೆದರೆ ಆಜ್ಞೆಗಳನ್ನು ಟೈಪಿಸುವ ಶೆಲ್ ಆಗುತ್ತದೆ.

ಲಿಂಕ್ ಹಾಕಲು ಇನ್‌ಸ್ಟಾಲ್ ಎಂಬ ಆಯ್ಕೆ ಅದರಲ್ಲೇ ಇದೆ, ಆದರೆ ನಾನು ಅದನ್ನು ಬಳಸಲಿಲ್ಲ. ಸುಮ್ಮನೆ ಕೊಟ್ಟರೆ ಅದು ಹಾರ್ಡ್ ಲಿಂಕ್, ಅಂದರೆ ಅದೇ ಫೈಲಿಗೆ ಮತ್ತೊಂದು ಹೆಸರು, ಮಾಡುತ್ತದೆ. ಮುಂದೆ ಹೊಸ ಆವೃತ್ತಿಯನ್ನು ಹಳೆಯದರ ಜಾಗಕ್ಕೆ ಸರಿಸಿದರೂ ಉಳಿದ ಹೆಸರುಗಳೆಲ್ಲ ಹಳೆಯ ಇನೋಡ್‌ಗೇ (ಡಿಸ್ಕಿನಲ್ಲಿನ ಹಳೆಯ ಫೈಲಿನ ದಾಖಲೆಗೇ) ಅಂಟಿಕೊಂಡಿರುತ್ತವೆ, ಮತ್ತು ಅದೇ ಆಜ್ಞೆಯನ್ನು ಮರಳಿ ಓಡಿಸಿದರೆ ಇರುವ ಹೆಸರುಗಳನ್ನು ಮುಟ್ಟದೆ ಬಿಡುತ್ತದೆ. ಜೊತೆಗೆ ಎಸ್ ಆಯ್ಕೆ ಕೊಟ್ಟರೆ ಸಿಂಬಾಲಿಕ್ ಲಿಂಕ್ (ಫೈಲ್ ಇರುವ ಜಾಗವನ್ನು ತೋರಿಸುವ ಕೈಮರ) ಆಗುತ್ತದೆಯಾದರೂ ಅದರಲ್ಲಿ ಪೂರ್ಣ ಪಥ ಬರೆದಿರುತ್ತದೆ. ನಿತ್ಯದಲ್ಲಿ ರೆಸ್ಕ್ಯೂ ಫೋಲ್ಡರಿನಲ್ಲಿ ಮೌಂಟ್ ಆಗುವ (ಜೋಡಣೆಯಾಗುವ) ಈ ಪಾರ್ಟಿಷನ್, ಆಪತ್ತಿನಲ್ಲಿ ತಾನೇ ರೂಟ್ (ವ್ಯವಸ್ಥೆಯ ಮೂಲ ಫೋಲ್ಡರ್) ಆಗಿ ಬೂಟ್ ಆಗಬೇಕು. ಆಗ ಆ ಪಥವೇ ಇರುವುದಿಲ್ಲ.

ಆದ್ದರಿಂದ ಬಿನ್ ಫೋಲ್ಡರಿಗೆ ಹೋಗಿ, ಲಿಸ್ಟ್ ಆಯ್ಕೆ ಕೊಡುವ ಹೆಸರುಗಳ ಮೇಲೆ ಶೆಲ್ಲಿನ ಫಾರ್ ಲೂಪ್ ಓಡಿಸಿ, ಪ್ರತಿ ಹೆಸರಿಗೂ ಪಕ್ಕದ ‘ಬ್ಯುಸಿಬಾಕ್ಸ್’ ಫೈಲನ್ನು ಬರಿಯ ಹೆಸರಿನಿಂದಲೇ ತೋರಿಸುವ ಸಿಂಬಾಲಿಕ್ ಲಿಂಕ್ ಹಾಕಿದೆ. ಪಾರ್ಟಿಷನ್ ಎಲ್ಲಿ ಮೌಂಟ್ ಆದರೂ ಇವು ಕೆಲಸ ಮಾಡುತ್ತವೆ, ಆವೃತ್ತಿ ಬದಲಿಸಲು ಒಂದೇ ಫೈಲನ್ನು ಬದಲಿಸಿದರೆ ಸಾಕು. ಈ ಫೋಲ್ಡರನ್ನು ದಿನಬಳಕೆಯ ಪಾಥ್‌ಗೆ (ಆಜ್ಞೆಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಗೆ) ಸೇರಿಸಲಿಲ್ಲ. ಬ್ಯುಸಿಬಾಕ್ಸಿನ ಆಜ್ಞೆಗಳಲ್ಲಿ ಆಯ್ಕೆಗಳು ಕಡಿಮೆ, ಮೊದಲಿನ ಸ್ಕ್ರಿಪ್ಟ್‌ಗಳು ಎಡವಬಹುದು.

ಬೂಟ್ ಪಾರ್ಟಿಷನ್ನಿನ ಕರ್ನಲ್ ಸಾಲಿನಲ್ಲಿ (ಬೂಟ್ ಆಗುವಾಗ ಲಿನಕ್ಸ್ ಓದುವ ಸೂಚನೆಗಳಲ್ಲಿ) ರೂಟ್ ಎಂಬುದಕ್ಕೆ ಮೂರನೆಯ ಪಾರ್ಟಿಷನ್ನನ್ನೂ ಮೊದಲು ಓಡುವ ಪ್ರೋಗ್ರಾಂ ಸೂಚಿಸುವ ಇನಿಟ್ ಎಂಬುದಕ್ಕೆ ಬಿನ್‌ನ ಎಸ್‌ಎಚ್ ಲಿಂಕನ್ನೂ ಕೊಟ್ಟು ಪರೀಕ್ಷಿಸಿದಾಗ ಶೆಲ್ ಬಂದಿತು. ಡೆವ್, ಪ್ರೋಕ್ ಎಂಬ ಖಾಲಿ ಫೋಲ್ಡರುಗಳನ್ನು ಮೊದಲೇ ಮಾಡಿಡುವುದು ಅಗತ್ಯ. ಬ್ಯುಸಿಬಾಕ್ಸಿನ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ಪರೀಕ್ಷಿಸುವ ಆಜ್ಞೆ) ಲಿನಕ್ಸಿನ ಎಕ್ಸ್ಟ್4 ಫೈಲ್ ಸಿಸ್ಟಮನ್ನು ತಾನೇ ಸರಿಪಡಿಸದು, ಹೊರಗಿನ ಉಪಕರಣವನ್ನು ಕರೆಯುತ್ತದೆ ಅಷ್ಟೆ. ಆದುದರಿಂದ ಎಕ್ಸ್ಟ್4 ಸರಿಪಡಿಸುವ, ಸ್ಟ್ಯಾಟಿಕ್ ಆದ ಇ2ಎಫ್‌ಎಸ್‌ಸಿಕೆಯ ಒಂದು ಪ್ರತಿಯನ್ನೂ ಅದೇ ಬಿನ್‌ನಲ್ಲಿ ಇಟ್ಟಿದ್ದೇನೆ.