ಡ್ಯಾಮ್ ಮಟ್ಟ ನೋಡ್ಕೊಂಡು ಬೋಟ್ ಮೋಟ್ರು ಓಡ್ಸೋದು: ನನ್ನ ಅನುಭವ

ನಮ್ಮ ಕಡೆ ಪೇಪರಲ್ಲಿ ದಿನಾ ಬರುತ್ತಲ್ಲ, ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್ ಅಂತ, ಮಂಡ್ಯದವ್ರೆಲ್ಲ ಅದನ್ನ ನಾಲೆಗೆ ನೀರು ಬಿಡ್ತಾರಾ ಅಂತ ನೋಡಿದ್ರೆ ನಾನು ಇವತ್ತು ಯಾವ ದಾರೀಲಿ ಬೋಟ್ ತೆಗೀಬೇಕು ಅಂತ ನೋಡ್ತೀನಿ. ಫೈಬರ್ ಬೋಟು, 15 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂದೆ ತಗುಲಿಸೋ ಮೋಟ್ರು), ಮೊದ್ಲು ಕಬಿನಿ ಹಿನ್ನೀರಲ್ಲಿ ಓಡಿಸ್ತಿದ್ದೆ, ಈಗ ಕೆಆರ್‌ಎಸ್ ಹಿನ್ನೀರಲ್ಲಿ. ಕಲಿಯೋಕೆ ಬರೋ ಹುಡುಗ್ರು ಮೊದ್ಲು ಕೇಳೋದೇ "ಅಣ್ಣ, ಎಷ್ಟು ಸ್ಪೀಡ್ ಹೋಗುತ್ತೆ" ಅಂತ. ಕೆಳಗೆ ನೀರು ಎಷ್ಟಿದೆ ಅಂತ ಒಬ್ನೂ ಕೇಳಲ್ಲ. ನಮ್ಮ ಹಿನ್ನೀರು ವರ್ಷದಲ್ಲಿ ಹತ್ತಾರು ಅಡಿ ಏರಿ ಇಳಿಯುತ್ತೆ, ಡ್ಯಾಮ್ ತುಂಬಿದಾಗ ಕಣ್ಮುಚ್ಚಿ ಹೋದ ದಾರೀಲೇ ಬೇಸಿಗೇಲಿ ಹೋದ್ರೆ ಮೋಟ್ರಿನ ಫ್ಯಾನು (ಪ್ರೊಪೆಲರ್) ಕಲ್ಲಿಗೆ ಬಡಿಯುತ್ತೆ.

ತುಂಬಿದಾಗ ತೊಂದ್ರೆ ಇರೋದು ಗಾಳೀದು. ಆಷಾಢದಲ್ಲಿ ಪಡುವಲಿಂದ ಬೀಸೋ ಗಾಳಿ ಅಷ್ಟು ಅಗಲದ ನೀರಿನ ಮೇಲೆ ತಡೆಯಿಲ್ಲದೆ ಓಡಿ ಬರುತ್ತೆ, ಅದಕ್ಕೆ ಮೂಡ್ಲ ದಡದ ಕಡೆ ಅಲೆ ಜಾಸ್ತಿ, ಪಡುವಲ ದಡದಲ್ಲಿ ನಿಂತು ನೋಡಿದ್ರೆ ನೀರು ತಣ್ಣಗೇ ಇರುತ್ತೆ, ಅದನ್ನ ನಂಬಬೇಡಿ. ಎದುರಲೆ ಬಂದ್ರೆ ಥ್ರಾಟಲ್ ಇಳಿಸಿ, ಮೂತಿ ನೇರ ಕೊಡದೆ ಸ್ವಲ್ಪ ಓರೆ ಕೊಡ್ತೀನಿ, ಬೋಟಲ್ಲಿರೋರ್ನ ಮಧ್ಯದಲ್ಲಿ ತಳಕ್ಕೆ ಕೂರಿಸ್ತೀನಿ. ಪಕ್ಕದಿಂದ ಬರೋ ಅಲೆಗೆ ಹೊಟ್ಟೆ ಕೊಡಲೇಬಾರದು, ಸುತ್ತಾದ್ರೂ ಪರವಾಗಿಲ್ಲ, ಹಾವಿನ ಥರ ಅಡ್ಡಾದಿಡ್ಡಿ ಹೋಗಿ ದಾಟಬೇಕು. ಇದೆಲ್ಲಕ್ಕಿಂತ ಕಷ್ಟ ಅಲೆ ಹಿಂದಿನಿಂದ ಬರುವಾಗ. ಬೋಟು ತಾನೇ ಓಡುತ್ತೆ ಅಂತ ಖುಷಿಯಾಗಿರುತ್ತೆ, ಆದ್ರೆ ಜೋರಾಗಿ ಹೋದ್ರೆ ಮೂತಿ ಮುಂದಿನ ಅಲೆಗೆ ಹೊಕ್ಕೊಳ್ಳುತ್ತೆ, ಹೆದರಿ ಥ್ರಾಟಲ್ ಒಂದೇ ಸಲ ಬಿಟ್ರೆ ನಮ್ಮ ಬೋಟೇ ಎಬ್ಬಿಸಿದ ಅಲೆ ಹಿಂದೆಯಿಂದ ಮೋಟ್ರು ಇರೋ ಕಡೆ ಮೇಲೆ ಹತ್ತಿ ಒಳಗೆ ಸುರಿಯುತ್ತೆ. ಹಂಗಾಗಿ ಅಲೆಯ ಬೆನ್ನ ಮೇಲೇ ಅದರ ಸ್ಪೀಡಲ್ಲೇ ಹೋಗ್ಬೇಕು, ಇಳಿಸೋದಾದ್ರೆ ನಿಧಾನಕ್ಕೆ ಇಳಿಸ್ಬೇಕು. ಇನ್ನು ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಮಧ್ಯಾಹ್ನ ಮೇಲೆ ಮೋಡ ಕಪ್ಪಾಯ್ತಾ, ದಡಕ್ಕೆ ಬನ್ನಿ ಅಷ್ಟೇ.

ನೀರು ಇಳಿದಾಗ ಬೇರೆಯೇ ಕಥೆ. ಕಬಿನೀಲಿ ಗರಿಷ್ಠ ಮಟ್ಟ 2284 ಅಡಿ (ಇದು ಸಮುದ್ರ ಮಟ್ಟದಿಂದ ಲೆಕ್ಕ), ಡ್ಯಾಮ್ ಕಟ್ಟಿದಾಗ ಮುಳುಗಿದ ಕಾಡಿನ ಒಣಮರಗಳು ಇವತ್ತಿಗೂ ನೀರಲ್ಲಿ ನಿಂತಿವೆ, ಫೋಟೋ ತೆಗೆಯೋರಿಗೆ ಅದು ಚಂದ. ಮೇಲೆ ಕಾಣೋ ಮರ ನಮಗೆ ಏನೂ ಮಾಡಲ್ಲ, ನೀರಿಂದ ಗೇಣುದ್ದ ಕೆಳಗಿರೋ ಮರದ ಮೋಟುಗಳೇ ಅಪಾಯ. ನೀರುಕಾಗೆ ಸುಮ್ನೆ ನೀರ ಮೇಲೆ ನಿಂತಂಗೆ ಕಂಡ್ರೆ ಅದರ ಕಾಲ ಕೆಳಗೆ ಮೋಟು ಇದೆ ಅಂತಾನೇ ಅರ್ಥ, ಅದರ ಸುತ್ತಲೂ ಇನ್ನೂ ನಾಲ್ಕು ಇರುತ್ತೆ. ಕೆಆರ್‌ಎಸ್‌ನಲ್ಲಿ ಮರಕ್ಕಿಂತ ಕಲ್ಲು ಜಾಸ್ತಿ, ಹಳೇ ಕನ್ನಂಬಾಡಿ ಥರದ ಊರುಗಳೇ ಮುಳುಗಿರೋ ಜಾಗ ಅಲ್ವಾ. ಇಂಥ ಕಡೆ ಐಡಲ್‌ಗಿಂತ ಸ್ವಲ್ಪ ಮೇಲೆ ಅಷ್ಟೇ ಓಡಿಸೋದು, ಮೋಟ್ರನ್ನ ಸ್ವಲ್ಪ ಮೇಲೆತ್ತಿ ಕಮ್ಮಿ ನೀರಿನ ಟಿಲ್ಟ್‌ಗೆ ಹಾಕೋದು, ಮುಂದೆ ಒಬ್ಬ ಕೋಲು ಹಿಡಿದು ಕೂತು ಆಳ ನೋಡ್ತಿರಬೇಕು. ಮುಂದಕ್ಕೆ ಹೋಗುವಾಗ ಏನಾದ್ರೂ ತಗುಲಿದ್ರೆ ಮೋಟ್ರು ತಾನೇ ಮೇಲಕ್ಕೆದ್ದು ಬಚಾವಾಗುತ್ತೆ. ರಿವರ್ಸ್‌ನಲ್ಲಿ ಲಾಕ್ ಬಿದ್ದಿರುತ್ತೆ, ಏಳಲ್ಲ, ಪೂರ್ತಿ ಏಟು ಫ್ಯಾನಿಗೂ ಹಿಂದಿನ ಹಲಗೆಗೂ ಬೀಳುತ್ತೆ, ಮೋಟಿನ ಮಧ್ಯೆ ಜೋರಾಗಿ ರಿವರ್ಸ್ ಹಾಕೋನಿಗೆ ನಾನಂತೂ ಬೋಟ್ ಕೊಡಲ್ಲ.

ಮೋಟ್ರಿನ ಪಕ್ಕದಿಂದ ಇಂಜಿನ್ ತಣ್ಣಗಿಡೋ ನೀರು ಸಣ್ಣ ಧಾರೆಯಾಗಿ ಬರ್ತಿರುತ್ತಲ್ಲ, ಅದರ ಮೇಲೆ ಯಾವಾಗ್ಲೂ ಒಂದು ಕಣ್ಣಿರಬೇಕು. ಕೆಸರಲ್ಲಿ ಮರಳು ಎಳ್ಕೊಂಡ್ರೆ ಧಾರೆ ಸಣ್ಣಗಾಗಿ ನಿಂತೋಗುತ್ತೆ, ಒಳಗೆ ಆ ನೀರು ಎತ್ತೋ ರಬ್ಬರ್ ಇಂಪೆಲರ್ ಒಣಗಿ ಸುಡೋಕೆ ಜಾಸ್ತಿ ಹೊತ್ತು ಬೇಡ. ತಕ್ಷಣ ಆಫ್ ಮಾಡಿ ಧಾರೆ ಬರೋ ತೂತಿಗೆ ತಂತಿ ಹಾಕಿ ನೋಡಿ. ಅಂತರಗಂಗೆ ಸುತ್ಕೊಂಡ್ರೆ ಬೋಟು ನಡುಗುತ್ತೆ, ಮುಂದೆ ಹೋಗಲ್ಲ, ನ್ಯೂಟ್ರಲ್ ಮಾಡಿ ಒಂದು ಕ್ಷಣ ರಿವರ್ಸ್ ಕೊಟ್ರೆ ಸಾಮಾನ್ಯವಾಗಿ ಬಿಟ್ಕೊಳ್ಳುತ್ತೆ, ಬಿಡದಿದ್ರೆ ಇಂಜಿನ್ ಆಫ್ ಮಾಡಿ ಕಿಲ್ ಸ್ವಿಚ್ ಕ್ಲಿಪ್ (ಇದು ಕಿತ್ರೆ ಇಂಜಿನ್ ಓಡಲ್ಲ) ಕಿತ್ತಿಟ್ಟು ಆಮೇಲೆ ಕೈ ಹಾಕಿ. ಬೆಸ್ತರ ಬಲೆಗೆ ಗುರುತಾಗಿ ಖಾಲಿ ಬಾಟ್ಲಿ ತೇಲ್ತಿರುತ್ತೆ, ಎರಡು ಬಾಟ್ಲಿ ಮಧ್ಯೆ ನುಗ್ಗಬೇಡಿ, ಸುತ್ತಿ ಹೋಗಿ. ಅವರ ಹೊಟ್ಟೆಪಾಡೂ ಹಾಳು, ನೈಲಾನ್ ದಾರ ಫ್ಯಾನಿನ ಹಿಂದೆ ಸೇರಿ ಸೀಲ್ ಕುಯ್ದು ಗೇರ್ ಆಯಿಲ್‌ಗೆ ನೀರು ಇಳಿದು ನಮ್ಮ ಮೋಟ್ರೂ ಹಾಳು. ಆಯಿಲ್ ಬೆಳ್ಳಗೆ ಬಂದ್ರೆ ಸೀಲ್ ಹೋಗಿದೆ ಅಂತ ತಿಳ್ಕೊಳ್ಳಿ.

ಡ್ಯಾಮ್ ಕೆಳಗಿನ ಹೊಳೆಗೆ ನಾನು ಮೋಟ್ರು ಇಳಿಸಲ್ಲ. ಬಂಡೆ ಮಧ್ಯದ ಸೆಳೆತಕ್ಕೆ ನಮ್ಮ ಹರಿಗೋಲೇ ಸರಿ, ಹೊರಹರಿವು ಜಾಸ್ತಿ ಮಾಡಿದ ದಿನ ಅದೂ ಬೇಡ, ರಂಗನತಿಟ್ಟಲ್ಲೇ ಬೋಟಿಂಗ್ ನಿಲ್ಲಿಸ್ತಾರೆ. ಮೇಲ್ಗಡೆ ಕಾವೇರಿ ಹಿನ್ನೀರಿಗೆ ಸೇರೋ ಕಡೆ ಒಳಹರಿವು ಜೋರಿದ್ದಾಗ ಮರದ ದಿಮ್ಮಿಗಳು ತೇಲಿ ಬರ್ತವೆ, ಅಲ್ಲಿ ದಡ ಸೇರೋದು ಯಾವಾಗ್ಲೂ ಸೆಳವಿಗೆ ಎದುರಾಗಿ, ಆಗ್ಲೇ ಬೋಟು ಕೈ ಮಾತು ಕೇಳೋದು.

ಕಿಲ್ ಸ್ವಿಚ್ ದಾರ ಕೈಗೆ ಕಟ್ಟದೆ ಮೋಟ್ರು ಸ್ಟಾರ್ಟ್ ಮಾಡೋ ಹಗ್ಗ ಜಗ್ಗೋದೇ ಇಲ್ಲ ನಾನು. ಅದಿಲ್ಲದೆ ಓಡಿಸೋನು ನೀರಿಗೆ ಬಿದ್ರೆ ಟಿಲ್ಲರ್, ಅಂದ್ರೆ ಮೋಟ್ರು ತಿರುಗಿಸೋ ಹಿಡಿ, ತಾನೇ ಪಕ್ಕಕ್ಕೆ ತಿರುಗಿ ಬೋಟು ದುಂಡಗೆ ಸುತ್ತಿ ಬಿದ್ದೋನ ಮೇಲೇ ವಾಪಸ್ ಬರುತ್ತೆ, ಫ್ಯಾನು ತಿರುಗ್ತಾನೇ ಇರುತ್ತೆ. ಈಜು ಬರುತ್ತೆ ಅನ್ನೋ ಮಾತು ಅಲ್ಲಿ ನಡೆಯಲ್ಲ. ನೀರಲ್ಲಿರೋರ್ನ ಎತ್ಕೊಳ್ಳುವಾಗ್ಲೂ ನ್ಯೂಟ್ರಲ್ ಸಾಲದು, ಇಂಜಿನ್ನೇ ಆಫ್ ಆಗಿರ್ಬೇಕು.

ಪೆಟ್ರೋಲ್‌ಗೆ ನನ್ನ ಮೋಟ್ರಿಗೆ ಲೀಟರಿಗೆ 20 ಎಂಎಲ್ ಟೂಟಿ (2T, ಟೂ ಸ್ಟ್ರೋಕ್) ಆಯಿಲ್, ನಿಮ್ಮದಕ್ಕೆ ಪುಸ್ತಕ ನೋಡಿ. ಟ್ಯಾಂಕ್ ತುಂಬಿಸೋದು ದಡದ ಮೇಲೆ ಇಟ್ಟು, ಬೋಟೊಳಗಲ್ಲ. ಹೋಗೋಕೆ ಮೂರರಲ್ಲಿ ಒಂದು ಭಾಗ, ಬರೋಕೆ ಒಂದು, ಇನ್ನೊಂದು ಗಾಳಿಗೆ. ಹುಟ್ಟು, ಹಗ್ಗ, ಸ್ಪೇರ್ ಪ್ಲಗ್, ನೀರು ತೋಡೋಕೆ ಅರ್ಧ ಕುಯ್ದ ಕ್ಯಾನು ಬೋಟಲ್ಲೇ ಇರುತ್ತೆ. ಈಗಿನ ಎಥನಾಲ್ ಪೆಟ್ರೋಲ್ ತೇವ ಎಳ್ಕೊಳ್ಳುತ್ತೆ, ಅದಕ್ಕೆ ಒಂದಷ್ಟು ದಿನ ನಿಲ್ಲಿಸೋದಿದ್ರೆ ಮೋಟ್ರನ್ನ ಒಳ್ಳೇ ನೀರಿನ ಡ್ರಮ್ಮಲ್ಲಿ ನ್ಯೂಟ್ರಲ್‌ನಲ್ಲಿ ಓಡಿಸಿ ಕೆಸರು ತೊಳೆದು, ಪೆಟ್ರೋಲ್ ಪೈಪ್ ಕಿತ್ತು, ಕಾರ್ಬುರೇಟರ್ ಖಾಲಿಯಾಗಿ ಇಂಜಿನ್ ತಾನೇ ಆಫ್ ಆಗೋವರೆಗೂ ಬಿಡ್ತೀನಿ.