ತೋಳಿನ ಪಟ್ಟಿ, ನೀರಿನ ಪೈಪು: ಮನೆಯ ಬಿಪಿ ಮಿಷನ್ ನಂಬುವುದು ಹೇಗೆ?

ಮನೆಯಲ್ಲಿ ಬಿಪಿ ಮಿಷನ್ ಇಟ್ಟುಕೊಂಡವರ ದೂರು ಸಾಮಾನ್ಯವಾಗಿ ಒಂದೇ. “ಒಂದೊಂದು ಸಲ ಒಂದೊಂದು ತೋರಿಸುತ್ತೆ, ಯಾವುದನ್ನ ನಂಬೋದು?” ಈಗ 148, ಐದು ನಿಮಿಷ ಬಿಟ್ಟು 131. ಮಿಷನ್ ಕೆಟ್ಟಿದೆ ಎಂದು ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಸೇರಿಸುತ್ತಾರೆ.

ಹೆಚ್ಚಿನ ಸಲ ಮಿಷನ್ ಕೆಟ್ಟಿರುವುದಿಲ್ಲ. ಅದು ಅಳೆಯುವುದು ಪಟ್ಟಿಯೊಳಗಿನ ಗಾಳಿಯನ್ನು ಮಾತ್ರ, ರಕ್ತವನ್ನು ಅದು ಮುಟ್ಟುವುದೇ ಇಲ್ಲ. ಆ ಗಾಳಿಗೆ ರಕ್ತದ ಸುದ್ದಿ ತಲುಪಿಸುವುದು ನಿಮ್ಮ ತೋಳು. ಅಂದರೆ ಅರ್ಧ ಯಂತ್ರ ನಿಮ್ಮ ಮೈಯಲ್ಲೇ ಇದೆ. ಆ ಅರ್ಧವನ್ನು ಸರಿಯಾಗಿ ಕೂರಿಸದಿದ್ದರೆ ಎಷ್ಟು ದುಬಾರಿ ಮಿಷನ್ ತಂದರೂ ಅಷ್ಟೇ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಇದು ಗೊತ್ತಾದರೆ ಮುಂದಿನ ಹಂತಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಪಟ್ಟಿಯೊಳಗಿನ ಕತೆ

1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ತನ್ನ ಪ್ರಯೋಗವೊಂದನ್ನು ಪ್ರಕಟಿಸಿದ. ಹೆಣ್ಣು ಕುದುರೆಯೊಂದರ ಕಾಲಿನ ರಕ್ತನಾಳಕ್ಕೆ ಹಿತ್ತಾಳೆ ಕೊಳವೆ ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದ್ದ. ರಕ್ತ 8 ಅಡಿ 3 ಇಂಚು ಮೇಲೇರಿತು. ಒತ್ತಡವನ್ನು ಎತ್ತರದಲ್ಲಿ ಅಳೆಯುವ ಕ್ರಮ ಇಂದಿಗೂ ಉಳಿದಿದೆ. ರಕ್ತದ ಜಾಗಕ್ಕೆ ಪಾದರಸ ಬಂತು, ಅಷ್ಟೇ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಹಾಗಾಗಿ ನಳಿಗೆ ಮೇಜಿನ ಮೇಲೆ ಇಡುವಷ್ಟು ಚಿಕ್ಕದಾಯಿತು. ಬಿಪಿ 120 ಅಂದರೆ 120 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯುವಷ್ಟು ಒತ್ತಡ. ಈ ಮಿಲಿಮೀಟರನ್ನು ಇಲ್ಲಿ ಸುಮ್ನೆ ‘ಪಾಯಿಂಟ್’ ಎಂದುಕೊಳ್ಳೋಣ.

ನಾಳ ಚುಚ್ಚದೆ ಅಳೆಯುವ ದಾರಿ ತೋರಿಸಿದ್ದು ಇಟಲಿಯ ವೈದ್ಯ ರೀವಾ ರೋಚ್ಚಿ, 1896ರಲ್ಲಿ. ತೋಳಿಗೆ ಸುತ್ತಲು ಆತ ಬಳಸಿದ್ದು ಸೈಕಲ್ ಟ್ಯೂಬು! ತೋಳನ್ನು ಗಾಳಿಯಿಂದ ಒತ್ತಿ ನಾಳವನ್ನು ಮುಚ್ಚುವುದು, ನಿಧಾನ ಸಡಿಲಿಸಿ ನಾಡಿ ಯಾವಾಗ ಮರಳುತ್ತದೆ ಎಂದು ಬೆರಳಿಟ್ಟು ನೋಡುವುದು. 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕೊವ್ ಬೆರಳಿನ ಬದಲು ಸ್ಟೆತಸ್ಕೋಪ್ ಇಟ್ಟ. ಸದ್ದು ಶುರುವಾದಾಗ ಮೇಲಿನ ಅಂಕಿ, ನಿಂತಾಗ ಕೆಳಗಿನ ಅಂಕಿ. ಡಾಕ್ಟರ್ ಇವತ್ತಿಗೂ ಕೇಳುವುದು ಅದನ್ನೇ.

ಮನೆಯ ಡಿಜಿಟಲ್ ಮಿಷನ್‌ಗೆ ಕಿವಿ ಇಲ್ಲ. ಅದು ನಡುಕವನ್ನು ನೋಡುತ್ತದೆ. ಪಟ್ಟಿಗೆ ಗಾಳಿ ತುಂಬಿ ನಿಧಾನವಾಗಿ ಬಿಡುವಾಗ, ಹೃದಯದ ಪ್ರತಿ ಬಡಿತಕ್ಕೂ ತೋಳಿನ ನಾಳ ಕೊಂಚ ಉಬ್ಬುತ್ತದೆ. ಆ ಉಬ್ಬಿಗೆ ಪಟ್ಟಿಯ ಗಾಳಿ ಒಂದೆರಡು ಪಾಯಿಂಟ್ ಅಲುಗುತ್ತದೆ. ಮಿಷನ್‌ನೊಳಗೆ ತೆಳ್ಳನೆಯ ಸಿಲಿಕಾನ್ ಪೊರೆ ಇರುತ್ತದೆ. ಗಾಳಿ ಒತ್ತಿದಾಗ ಪೊರೆ ಬಾಗುತ್ತದೆ, ಬಾಗಿದಾಗ ಅದರ ವಿದ್ಯುತ್ ತಡೆ ಬದಲಾಗುತ್ತದೆ. ಸಿಲಿಕಾನ್‌ಗೆ ಈ ಗುಣ ಇದೆ ಎಂದು ಅಮೆರಿಕದ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಸ್ಮಿತ್ 1954ರಲ್ಲಿ ತೋರಿಸಿದ್ದ.

ಈಗ ಬರುವುದೇ ಜಾಣತನದ ಭಾಗ. ಪಟ್ಟಿಯ ಒತ್ತಡ ತುಂಬಾ ಜಾಸ್ತಿ ಇದ್ದಾಗ ನಾಳ ಮುಚ್ಚಿಕೊಂಡಿರುತ್ತದೆ, ನಡುಕ ಸಣ್ಣದು. ತುಂಬಾ ಕಡಿಮೆ ಆದಾಗ ನಾಳ ಒಳಗಿನ ರಕ್ತದಿಂದಲೇ ಬಿಗಿದು ನಿಂತಿರುತ್ತದೆ, ಆಗಲೂ ನಡುಕ ಸಣ್ಣದು. ನಡುವೆ ಒಂದು ಕಡೆ ಹೊರಗಿನ ಒತ್ತಡ ಮತ್ತು ಒಳಗಿನ ಸರಾಸರಿ ಒತ್ತಡ ಸಮ ಆಗುತ್ತವೆ. ಆಗ ನಾಳದ ಗೋಡೆಯ ಮೇಲೆ ಯಾವ ಕಡೆಯ ಭಾರವೂ ಇಲ್ಲ, ಅದು ತೀರಾ ಸಡಿಲ. ಆಗಲೇ ಅದು ಜಾಸ್ತಿ ಅಲುಗುವುದು. ಮಿಷನ್ ನಿಜವಾಗಿ ಹಿಡಿಯುವುದು ಈ ದೊಡ್ಡ ನಡುಕವನ್ನು, ಅಂದರೆ ಸರಾಸರಿ ಒತ್ತಡವನ್ನು. ಪರದೆಯ ಮೇಲಿನ ಎರಡು ಅಂಕಿಗಳು, ನಡುಕ ಹೇಗೆ ಏರಿತು ಹೇಗೆ ಇಳಿಯಿತು ಎಂಬುದರಿಂದ ಲೆಕ್ಕ ಹಾಕಿದವು. ಆ ಲೆಕ್ಕ ಪ್ರತಿ ಕಂಪನಿಗೂ ಬೇರೆ. ಸಾಮಾನ್ಯವಾಗಿ ಯಾರೂ ಅದನ್ನು ಹೊರಗೆ ಬಿಟ್ಟುಕೊಡುವುದಿಲ್ಲ.

ಹಾಗಾಗಿ ನಡುಕವನ್ನು ಕೆಡಿಸುವ ಎಲ್ಲವೂ ಅಂಕಿಯನ್ನೂ ಕೆಡಿಸುತ್ತದೆ. ಮಾತು, ಅಲುಗಾಟ, ಬಟ್ಟೆ, ಸಡಿಲ ಪಟ್ಟಿ, ಎಲ್ಲ.

ಹಂತ 1: ತೋಳನ್ನು ಅಳೆಯಿರಿ

ಇದನ್ನು ಬಹಳ ಜನ ಮಾಡುವುದೇ ಇಲ್ಲ. ಭುಜ ಮತ್ತು ಮೊಣಕೈ ನಡುವೆ ತೋಳಿನ ಸುತ್ತಳತೆಯನ್ನು ಟೈಲರ್ ಟೇಪಿನಲ್ಲಿ ನೋಡಿ. ಎಷ್ಟರಿಂದ ಎಷ್ಟು ಸೆಂಟಿಮೀಟರ್ ತೋಳಿಗೆ ಈ ಪಟ್ಟಿ ಎಂದು ಪಟ್ಟಿಯ ಮೇಲೇ ಅಚ್ಚಾಗಿರುತ್ತದೆ. ಒಳಗಿನ ಗಾಳಿಚೀಲ ಸುತ್ತಳತೆಯ ಸುಮಾರು 80 ಶೇಕಡಾ ಉದ್ದ, 40 ಶೇಕಡಾ ಅಗಲ ಇರಬೇಕು ಎಂಬುದು ರೂಢಿಯ ಲೆಕ್ಕ.

ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಆಳದ ನಾಳದವರೆಗೆ ಪೂರ್ತಿ ತಲುಪುವುದಿಲ್ಲ. ನಾಳ ಮುಚ್ಚಲು ಹೆಚ್ಚು ಗಾಳಿ ಬೇಕಾಗುತ್ತದೆ, ಇಲ್ಲದ ಬಿಪಿ ತೋರಿಸುತ್ತದೆ. ರೀವಾ ರೋಚ್ಚಿಯ ಪಟ್ಟಿಯಲ್ಲೂ ಇದೇ ತೊಂದರೆ ಇತ್ತು, ಅದು ತೀರಾ ಕಿರಿದು. 1901ರಲ್ಲಿ ಜರ್ಮನಿಯ ವೈದ್ಯ ಫಾನ್ ರೆಕ್ಲಿಂಗ್‌ಹೌಸೆನ್ ಅದನ್ನು ಸಾಕಷ್ಟು ಅಗಲ ಮಾಡಿದ ಮೇಲೆ ಅಂಕಿ ದಾರಿಗೆ ಬಂತು. ಮನೆಯಲ್ಲಿ ಒಬ್ಬರು ದಪ್ಪ, ಒಬ್ಬರು ಸಣಕಲು ಇದ್ದರೆ ಎರಡು ಪಟ್ಟಿ ಬೇಕು. ನನ್ನನ್ನು ಕೇಳಿದರೆ, ಬ್ಲೂಟೂತ್ ಇರುವ ಮಿಷನ್‌ಗೆ ಕೊಡುವ ಹೆಚ್ಚಿನ ದುಡ್ಡನ್ನು ಇನ್ನೊಂದು ಪಟ್ಟಿಗೆ ಕೊಡುವುದು ಮೇಲು.

ಹಂತ 2: ಕೂರುವುದು

ಕಾಫಿ, ಬೀಡಿ-ಸಿಗರೇಟು, ವಾಕಿಂಗ್ ಆಗಿ ಅರ್ಧ ಗಂಟೆ ಕಳೆದಿರಲಿ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಸುಮ್ಮನೆ. ಮೊಬೈಲೂ ಬೇಡ. ಮಿಷನ್ ಓಡುವಾಗ “ಎಷ್ಟು ಬಂತು?” ಎಂದು ಕೇಳುವವರಿಗೆ ಉತ್ತರ ಕೊಡಬೇಡಿ, ಮಾತಾಡಿದರೂ ಅಂಕಿ ಏರುತ್ತದೆ.

ಹಂತ 3: ಎತ್ತರ

ಪಟ್ಟಿ ಹೃದಯದ ಮಟ್ಟದಲ್ಲಿರಬೇಕು ಎಂದು ಎಲ್ಲ ಕೈಪಿಡಿಯಲ್ಲೂ ಬರೆದಿರುತ್ತದೆ. ಯಾಕೆ ಎಂದು ಬರೆದಿರುವುದಿಲ್ಲ. ಕಾರಣ ಹೇಲ್ಸ್‌ನ ಗಾಜಿನ ನಳಿಗೆಯಲ್ಲೇ ಇದೆ. ಹೃದಯದಿಂದ ತೋಳಿನವರೆಗೆ ರಕ್ತ ಒಂದೇ ಕಂಬ. ತೋಳು 10 ಸೆಂಟಿಮೀಟರ್ ಕೆಳಗಿದ್ದರೆ ಆ 10 ಸೆಂಟಿಮೀಟರ್ ರಕ್ತದ ಭಾರವೂ ಸೇರಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಸುಮಾರು 8 ಪಾಯಿಂಟ್. ಮೇಲಿದ್ದರೆ ಅಷ್ಟೇ ಕಡಿಮೆ.

ಬೇಕಾದರೆ ಈಗಲೇ ನೋಡಿ. ಮೇಜಿನ ಮೇಲೆ ಕೈ ಇಟ್ಟು ಒಂದು ಸಲ ಅಳೆಯಿರಿ. ಒಂದು ನಿಮಿಷ ಬಿಟ್ಟು ಅದೇ ತೋಳನ್ನು ಕುರ್ಚಿಯ ಪಕ್ಕ ಜೋತುಬಿಟ್ಟು ಅಳೆಯಿರಿ. ಅಂಕಿ ಏರುತ್ತದೆ. ಕೈಯನ್ನು ನೀವೇ ಗಾಳಿಯಲ್ಲಿ ಎತ್ತಿ ಹಿಡಿದರೆ ಮಟ್ಟ ಸರಿ ಇದ್ದರೂ ಸ್ನಾಯು ಬಿಗಿಯುತ್ತದೆ, ಅದೂ ಬೇಡ. ಮೇಜು ತಗ್ಗಿದ್ದರೆ ಮೊಣಕೈ ಕೆಳಗೆ ದಿಂಬು ಇಡಿ.

ಮಣಿಕಟ್ಟಿನ ಮಿಷನ್‌ಗಳನ್ನು ನಾನು ಹಿರಿಯರಿಗೆ ಹೇಳದಿರುವುದು ಇದೇ ಕಾರಣಕ್ಕೆ. ಮೇಲ್ದೋಳು ಹೃದಯದ ಹತ್ತಿರವೇ ಇರುತ್ತದೆ. ಮಣಿಕಟ್ಟು ತೊಡೆಯ ಮೇಲೆ ಬಿದ್ದರೆ 20, 30 ಸೆಂಟಿಮೀಟರ್ ಸುಲಭವಾಗಿ ತಪ್ಪುತ್ತದೆ. ಬಿಪಿ ತೋರಿಸುವ ವಾಚುಗಳ ವಿಷಯ ಇನ್ನೊಂದು. ಅವುಗಳಲ್ಲಿ ಕೆಲವನ್ನು ಆಗಾಗ ಪಟ್ಟಿಯ ಮಿಷನ್‌ಗೆ ಹೊಂದಿಸುತ್ತಲೇ ಇರಬೇಕು. ಕೊನೆಗೂ ಪಟ್ಟಿಯೇ ಬೇಕಾಯಿತು, ಅಲ್ವಾ?

ಹಂತ 4: ಸುತ್ತಿ, ಒತ್ತಿ, ಬರೆದಿಡಿ

ಪಟ್ಟಿ ಬರಿ ತೋಳಿನ ಮೇಲಿರಲಿ. ತುಂಬು ತೋಳಿನ ಅಂಗಿಯನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಇನ್ನೊಂದು ಪಟ್ಟಿಯಾಗಿ ಬಿಗಿಯುತ್ತದೆ, ಒಂದು ತೋಳು ಬಿಚ್ಚಿಬಿಡಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ಪಟ್ಟಿಯ ಮೇಲಿನ ಗುರುತು ತೋಳಿನ ಒಳಭಾಗದ ನಾಡಿಯ ಮೇಲೆ. ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು.

ಮೊದಲ ದಿನ ಎರಡೂ ತೋಳು ನೋಡಿ, ಜಾಸ್ತಿ ಬಂದ ತೋಳನ್ನೇ ಮುಂದೆ ಬಳಸಿ. ಮತ್ತೆ ಮತ್ತೆ 10 ಪಾಯಿಂಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಡಾಕ್ಟರಿಗೆ ಹೇಳಿ. ಆಮೇಲೆ ಒಂದು ವಾರ, ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ಈ ಸರಾಸರಿ 135/85 ಮುಟ್ಟಿದರೆ ಅಥವಾ ದಾಟಿದರೆ ಡಾಕ್ಟರನ್ನು ಕಾಣಬೇಕು. ಕ್ಲಿನಿಕ್‌ನಲ್ಲಿ ಗೆರೆ 140/90. ನಾಡಿ ಬಡಿತ ತಾಳ ತಪ್ಪಿ ಓಡುವವರಲ್ಲಿ ನಡುಕದ ಲೆಕ್ಕವೇ ಕಲಸಿಹೋಗುತ್ತದೆ, ಅಂಥವರು ಮೂರು ಸಲ ಅಳೆಯುವುದು ಒಳ್ಳೆಯದು. ಮಾತ್ರೆಯನ್ನು ಮಾತ್ರ ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ಹಂತ 5: ಡಯಲ್ ಇರುವವರಿಗೆ ನೀರಿನ ಪರೀಕ್ಷೆ

ರಬ್ಬರ್ ಬಲ್ಬ್ ಒತ್ತುವ, ಮುಳ್ಳು ಓಡುವ ಡಯಲ್ ಉಪಕರಣ ಕೆಲವರ ಮನೆಯಲ್ಲಿರುತ್ತದೆ. ಅದರೊಳಗೆ ತೆಳು ಲೋಹದ ಡಬ್ಬಿ ಉಬ್ಬುತ್ತದೆ, ಹಲ್ಲುಗಾಲಿಗಳು ಆ ಉಬ್ಬನ್ನು ಮುಳ್ಳಿಗೆ ದಾಟಿಸುತ್ತವೆ. ಒಮ್ಮೆ ಕೆಳಗೆ ಬಿದ್ದರೆ ಸಾಕು, ತಪ್ಪು ಹೇಳಲು ಶುರು ಮಾಡಬಹುದು. ಮುಳ್ಳು ಸೊನ್ನೆಯಲ್ಲೇ ನಿಂತಿದ್ದರೂ 60ರಲ್ಲಿ, 100ರಲ್ಲಿ ಸುಳ್ಳು ಹೇಳುತ್ತಿರಬಹುದು. ಹಿಂದೆ ಪಾದರಸದ ಕಂಬದ ಜೊತೆ ಹೋಲಿಸುತ್ತಿದ್ದರು. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದದ ನಂತರ ಪಾದರಸದವು ಮರೆಯಾಗುತ್ತಿವೆ. ವಿಷ ಅದು, ಹೋಗಲಿ ಬಿಡಿ. ಆ ಕೆಲಸಕ್ಕೆ ನೀರೇ ಸಾಕು.

ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು 4 ಮೀಟರ್ ಬೇಕು. ಜೊತೆಗೆ ಮೀನಿನ ತೊಟ್ಟಿಯ ಅಂಗಡಿಯಲ್ಲಿ ಸಿಗುವ ಗಾಳಿ ಪೈಪಿನ ಟಿ ಜಾಯಿಂಟ್, ಅಂಗೈ ಅಗಲದಷ್ಟು ಸಣ್ಣ ಪೈಪಿನ ತುಂಡು, ಅಳತೆ ಟೇಪು.

ಪೈಪನ್ನು ಬಾಗಿಲ ಚೌಕಟ್ಟಿಗೆ ಇಂಗ್ಲಿಷಿನ ‘ಯು’ ಆಕಾರದಲ್ಲಿ ಕಟ್ಟಿ, ಎರಡೂ ಕಾಲು ನೆಟ್ಟಗೆ, ತುದಿಗಳು ಮೇಲೆ. ಶಾಯಿ ಬೆರೆಸಿದ ನೀರನ್ನು ಎರಡೂ ಕಡೆ ನೆಲದಿಂದ 80 ಸೆಂಟಿಮೀಟರ್ ಬರುವಷ್ಟು ತುಂಬಿ. ಗುಳ್ಳೆ ಕಂಡರೆ ತಟ್ಟಿ ಓಡಿಸಿ, ಗುಳ್ಳೆ ಉಳಿದರೆ ಅಳತೆ ಕೆಡುತ್ತದೆ. ಪೈಪು ದಪ್ಪವೋ ಸಣ್ಣದೋ ಲೆಕ್ಕಕ್ಕಿಲ್ಲ. ಎತ್ತರ ಮಾತ್ರ ಲೆಕ್ಕ.

ಪಟ್ಟಿಯನ್ನು ಗಟ್ಟಿ ಡಬ್ಬದ ಸುತ್ತ ಬಿಗಿಯಾಗಿ ಸುತ್ತಿ. ತೋಳು ಬೇಡ, ಅದು ಅಲುಗುತ್ತದೆ. ಪಟ್ಟಿಯಿಂದ ಡಯಲ್‌ಗೆ ಹೋಗುವ ರಬ್ಬರ್ ಕೊಳವೆಯನ್ನು ಡಯಲ್‌ನಿಂದ ಬಿಡಿಸಿ ಟಿ ಜಾಯಿಂಟಿಗೆ ಸಿಕ್ಕಿಸಿ. ಟಿಯ ಒಂದು ಬಾಯಿಗೆ ಸಣ್ಣ ತುಂಡಿನಿಂದ ಡಯಲ್, ಇನ್ನೊಂದಕ್ಕೆ ನೀರಿನ ಪೈಪಿನ ಒಂದು ತುದಿ. ಪೈಪಿನ ಅಳತೆ ಕೂಡದಿದ್ದರೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದರೂ ನಡೆಯುತ್ತದೆ. ಪೈಪಿನ ಆ ಕಡೆ ತುದಿ ತೆರೆದೇ ಇರಲಿ.

ಈಗ ನಿಧಾನವಾಗಿ, ಬಹಳ ನಿಧಾನವಾಗಿ ಬಲ್ಬ್ ಒತ್ತಿ. ಜೋರಾಗಿ ಒತ್ತಿದರೆ ನೀರು ಚಾವಣಿಗೆ ಹಾರುತ್ತದೆ. 100 ದಾಟಬೇಡಿ. ಮುಳ್ಳು 60ಕ್ಕೆ ಬಂದಾಗ ನಿಲ್ಲಿಸಿ. ಒತ್ತಿದ ಗಾಳಿ ಕೊಂಚ ಬಿಸಿಯಾಗಿರುತ್ತದೆ, ತಣ್ಣಗಾಗುವಾಗ ಮುಳ್ಳು ಸ್ವಲ್ಪ ಇಳಿಯುತ್ತದೆ. ಅರ್ಧ ನಿಮಿಷ ಬಿಟ್ಟು ಮತ್ತೆ 60ಕ್ಕೆ ತಂದು ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ ಅಳೆಯಿರಿ. ಒಂದು ಪಾಯಿಂಟಿಗೆ 1.36 ಸೆಂಟಿಮೀಟರ್ ನೀರು. ಅಂದರೆ 60ಕ್ಕೆ 82 ಸೆಂಟಿಮೀಟರ್ ಬರಬೇಕು. ಹೀಗೇ 40ಕ್ಕೆ 54, 80ಕ್ಕೆ 109, 100ಕ್ಕೆ 136.

ಮುಳ್ಳಿನ ಉಪಕರಣಕ್ಕೆ 3 ಪಾಯಿಂಟ್ ಆಚೀಚೆ ಇರಲು ರಿಯಾಯಿತಿ ಉಂಟು. ನೀರಿನಲ್ಲಿ ಅದು 4 ಸೆಂಟಿಮೀಟರ್, ಕಣ್ಣಿಗೆ ಚೆನ್ನಾಗಿ ಕಾಣುವಷ್ಟು. 60ರಲ್ಲಿ 78ರಿಂದ 86ರೊಳಗೆ ಬಂದರೆ ಡಯಲ್ ಸರಿ ಇದೆ. 100ಕ್ಕೆ ತಂದು ವಾಲ್ವ್ ಮುಚ್ಚಿ ಗಡಿಯಾರ ನೋಡುತ್ತಾ ಕೂತರೆ ಸೋರಿಕೆಯೂ ಗೊತ್ತಾಗುತ್ತದೆ. ನಿಮಿಷಕ್ಕೆ 4 ಪಾಯಿಂಟಿಗಿಂತ ಜಾಸ್ತಿ ಇಳಿದರೆ ಮೊದಲು ನಿಮ್ಮ ಟಿ ಜಾಯಿಂಟನ್ನೇ ಸೋಪಿನ ನೊರೆ ಹಚ್ಚಿ ನೋಡಿ, ಆಮೇಲೆ ಬಲ್ಬಿನ ವಾಲ್ವ್, ಆಮೇಲೆ ಪಟ್ಟಿ.

ಡಿಜಿಟಲ್ ಮಿಷನ್‌ಗೆ ಈ ಪರೀಕ್ಷೆ ಪೂರ್ತಿ ಸಾಲದು. ಅದರ ಪೊರೆ ಸರಿ ಇದ್ದರೂ ಲೆಕ್ಕದ ಸೂತ್ರ ಸರಿ ಇದೆಯೇ ಎಂದು ನೀರು ಹೇಳಲಾರದು. ಅದಕ್ಕೆ ಬೇರೆ ಬೇರೆ ತೋಳಿನ, ಬೇರೆ ಬೇರೆ ಬಿಪಿಯ ಜನರೇ ಬೇಕು. ಐಎಸ್‌ಒ 81060-2 ಎಂಬ ಮಾನದಂಡದಲ್ಲಿ ಕನಿಷ್ಠ 85 ಜನರ ಮೇಲೆ ಮಿಷನ್ನನ್ನೂ ಸ್ಟೆತಸ್ಕೋಪ್ ಹಿಡಿದ ತರಬೇತಾದವರನ್ನೂ ಹೋಲಿಸುತ್ತಾರೆ. ಸರಾಸರಿ ತಪ್ಪು 5 ಪಾಯಿಂಟ್ ಮೀರುವಂತಿಲ್ಲ. ಕೊಳ್ಳುವಾಗ ಡಬ್ಬದ ಮೇಲೆ ಅಥವಾ ಕೈಪಿಡಿಯಲ್ಲಿ ಈ ಹೆಸರು ಹುಡುಕಿ, ಮೆಡಿಕಲ್ ಶಾಪಿನವರನ್ನೂ ಕೇಳಿ. ಈಗಾಗಲೇ ಮನೆಯಲ್ಲಿರುವ ಮಿಷನ್ನನ್ನು ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಚೀಲದಲ್ಲಿ ಹಾಕಿಕೊಳ್ಳಿ. ಅಲ್ಲೇ ಕೂತು, ಅದೇ ತೋಳಿನಲ್ಲಿ, ಒಮ್ಮೆ ಅವರದು ಒಮ್ಮೆ ನಿಮ್ಮದು ಎಂದು ಎರಡು ಮೂರು ಸುತ್ತು ಅಳೆದು ನೋಡಿ. ನಿಮ್ಮದು ಪ್ರತಿ ಸಲವೂ ಒಂದೇ ಕಡೆಗೆ 10 ಪಾಯಿಂಟ್ ಜಾರುತ್ತಿದ್ದರೆ ಮೊದಲು ಪಟ್ಟಿಯ ಅಳತೆ ನೋಡಿ, ಮಿಷನ್ ಬದಲಿಸುವ ಮಾತು ಆಮೇಲೆ.